ಮನುಷ್ಯರ ಚಿತ್ರ ಬರೆಯುವ ಯುವ ಕಲಾವಿದ: ಅಭ್ಯಾಸ, ವೃತ್ತಿ ಮತ್ತು ಮೊದಲ ಬೋಣಿ

ಪಿಯುಸಿ ಫಲಿತಾಂಶ ಬಂದ ವಾರ ರಾಯಚೂರು, ಮಾನ್ವಿ, ದೇವದುರ್ಗದ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಕಾಮರ್ಸ್, ಇಂಜಿನಿಯರಿಂಗ್, ನರ್ಸಿಂಗ್, ಇಲ್ಲವಾದರೆ ಅಂಗಡಿಯ ಗಲ್ಲೆ. ಇದರ ನಡುವೆ ಮಗನೋ ಮಗಳೋ ‘ನಾನು ಚಿತ್ರಕಲೆ ಓದುತ್ತೇನೆ’ ಎಂದರೆ ಮನೆ ಒಂದು ಕ್ಷಣ ಸುಮ್ಮನಾಗುತ್ತದೆ. ಚಿತ್ರ ಚೆನ್ನಾಗಿದೆ ಎಂದು ಮನೆಯವರೆಲ್ಲ ಹೊಗಳಿದ್ದು ನಿಜ. ಆದರೆ ಅದು ಹೊಟ್ಟೆಗೆ ಆಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಯಾರ ಬಳಿಯೂ ಸಿದ್ಧವಿರುವುದಿಲ್ಲ. ಉತ್ತರ ಗೊತ್ತಿಲ್ಲದ ಕಡೆ ‘ಬೇಡ’ ಎನ್ನುವುದು ಸುಲಭ.

ಈ ಲೇಖನ ಆ ಪ್ರಶ್ನೆಗೆ ಸಾಧ್ಯವಾದಷ್ಟು ನೇರವಾಗಿ ಉತ್ತರಿಸುವ ಪ್ರಯತ್ನ. ಮನುಷ್ಯರ ಚಿತ್ರ ಬರೆಯುವುದು ಎಂದರೆ ಏನು, ಅದರ ದಿನನಿತ್ಯದ ಅಭ್ಯಾಸ ಹೇಗಿರುತ್ತದೆ, ಈ ಭಾಗದವರು ಮತ್ತು ಈ ರಾಜ್ಯದವರು ಅದರಲ್ಲಿ ಹೇಗೆ ಮೇಲೆ ಬಂದರು, ಎಲ್ಲಿ ಓದಬಹುದು, ಹಣದ ಲೆಕ್ಕ ಹೇಗೆ, ಪಾಲಕರು ಮತ್ತು ಸಮಾಜ ಏನು ಮಾಡಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಆಕೃತಿ ಚಿತ್ರ ಎಂದರೆ ಏನು?

ಇಂದಿನ ಚಿತ್ರಕಲೆಯಲ್ಲಿ ಸ್ಥೂಲವಾಗಿ ಎರಡು ದಾರಿಗಳಿವೆ. ಬಣ್ಣ, ಗೆರೆ, ಆಕಾರಗಳನ್ನೇ ನೆಚ್ಚಿಕೊಂಡು, ಗುರುತಿಸಬಹುದಾದ ವಸ್ತುವಿಲ್ಲದೆ ಬರೆಯುವುದು ಒಂದು. ಇದನ್ನು ಅಮೂರ್ತ ಕಲೆ ಎನ್ನುತ್ತಾರೆ. ಮನುಷ್ಯ, ಪ್ರಾಣಿ, ಮನೆ, ಬೀದಿ ಇವುಗಳನ್ನು ನೋಡುವವರು ಗುರುತಿಸುವಂತೆ ಬರೆಯುವುದು ಇನ್ನೊಂದು. ಅದರಲ್ಲೂ ಮನುಷ್ಯನ ದೇಹವೇ ಮುಖ್ಯವಾಗಿರುವ ಚಿತ್ರವನ್ನು ಆಕೃತಿ ಚಿತ್ರ ಅಥವಾ ಫಿಗರೇಟಿವ್ ಚಿತ್ರ ಎಂದು ಕರೆಯುತ್ತಾರೆ.

ಇದನ್ನು ಫೋಟೋ ನೋಡಿ ಮುಖ ಇಳಿಸುವ ಕೆಲಸ ಎಂದು ತಿಳಿದವರು ಬಹಳ. ಮುಖ ಹೋಲುವಂತೆ ಬರೆಯುವುದು ಅದರ ಒಂದು ಭಾಗ ಮಾತ್ರ. ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹಮಾಲರೊಬ್ಬರು ಹತ್ತಿಯ ಅಂಡಿಗೆಯನ್ನೋ ಭತ್ತದ ಚೀಲವನ್ನೋ ಬೆನ್ನಿಗೆ ಏರಿಸಿಕೊಳ್ಳುವುದನ್ನು ನೋಡಿ. ಫೋಟೋದಲ್ಲಿ ಚೀಲ ಕಾಣುತ್ತದೆ, ಮನುಷ್ಯ ಕಾಣುತ್ತಾನೆ. ಒಳ್ಳೆಯ ಚಿತ್ರದಲ್ಲಿ ಇವೆರಡರ ಜೊತೆಗೆ ಭಾರವೂ ಕಾಣಬೇಕು. ಕುತ್ತಿಗೆ ಎಷ್ಟು ಮುಂದಕ್ಕೆ ಬಾಗಿದೆ, ಹೆಬ್ಬೆರಳು ನೆಲವನ್ನು ಹೇಗೆ ಒತ್ತಿದೆ, ಯಾವ ಮೊಣಕಾಲು ದೇಹದ ತೂಕ ಹೊತ್ತಿದೆ ಎಂಬುದು ಕಲಾವಿದನಿಗೆ ತಿಳಿದಿದ್ದರೆ ಮಾತ್ರ ಆ ಭಾರ ಕಾಗದದ ಮೇಲೆ ಬರುತ್ತದೆ. ನೋಡಿ ನೋಡಿ ತಿಳಿಯುವ ಈ ವಿದ್ಯೆಯೇ ಆಕೃತಿ ಚಿತ್ರದ ಬುನಾದಿ.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನವಿದೆ. ಶಾಸನವನ್ನು ಓದಲಾಗದವರಿಗೂ ಅಲ್ಲಿ ನೋಡಲು ಒಂದು ಚಿತ್ರವಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲಿಟ್ಟು, ಕೋಣಗಳ ಸಾಲು ಕಟ್ಟಿ ಎಳೆದು ತಂದ ದೃಶ್ಯವನ್ನು ಗೆರೆಗಳಲ್ಲಿ ಕೊರೆದಿದ್ದಾರೆ. ಕೋಟೆ ಕಟ್ಟಿಸಿದವರ ಹೆಸರಿನ ಪಕ್ಕದಲ್ಲೇ ಕಲ್ಲು ಎಳೆದವರ ದುಡಿಮೆಯೂ ಉಳಿದುಕೊಂಡಿದೆ. ಏಳು ನೂರು ವರ್ಷದ ಹಿಂದಿನ ಆ ಕೈಯೂ ಭಾರವನ್ನೇ ತೋರಿಸಲು ಹೊರಟಿತ್ತು.

ಸುತ್ತಲೂ ಇಂಥ ಗುರುತುಗಳು ಇನ್ನೂ ಇವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಹತ್ತಿರದ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ಜನರು ದನಗಳ ಚಿತ್ರಗಳನ್ನು ಬಿಟ್ಟು ಹೋಗಿದ್ದಾರೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೆಯ ಗುಡಿಗಳೂ ಶಾಸನಗಳೂ ಇವೆ. ಕೃಷ್ಣಾ ನದಿಯ ಆಚೆ ದಡದ ಸುರಪುರದಲ್ಲಿ ಅಲ್ಲಿನ ನಾಯಕ ಅರಸರ ಆಶ್ರಯದಲ್ಲಿ ಚಿಕಣಿ ಚಿತ್ರಗಳ ಪರಂಪರೆ ಬೆಳೆದಿತ್ತು. 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದ ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳು ಇಂದಿಗೂ ಮರದ ಮೂರ್ತಿಗೆ ಬಣ್ಣ ಹಚ್ಚುತ್ತಿವೆ. ಕಲೆ ದೂರದ ಊರಿನವರ ಸೊತ್ತು ಎಂದು ಇಲ್ಲಿಯ ಹುಡುಗ ಹುಡುಗಿಯರು ಅಂಜಬೇಕಾದ ಕಾರಣವಿಲ್ಲ.

ದಿನನಿತ್ಯದ ಅಭ್ಯಾಸ

ಆಕೃತಿ ಚಿತ್ರಕಾರನ ದಿನ ಕ್ಯಾನ್ವಾಸಿನಿಂದ ಶುರುವಾಗುವುದಿಲ್ಲ, ಕೈಪುಸ್ತಕದಿಂದ ಶುರುವಾಗುತ್ತದೆ. ಬಸ್ ನಿಲ್ದಾಣ, ಸಂತೆ, ಚಹಾದ ಅಂಗಡಿ, ಆಸ್ಪತ್ರೆಯ ಸಾಲು, ಎಲ್ಲಿ ಜನ ಕುಳಿತಿರುತ್ತಾರೋ ನಿಂತಿರುತ್ತಾರೋ ಅಲ್ಲಿ ಎರಡು ನಿಮಿಷ, ಐದು ನಿಮಿಷದ ರೇಖಾಚಿತ್ರಗಳು. ಜನ ಅಲುಗಾಡುತ್ತಲೇ ಇರುವುದರಿಂದ ಮೊದಲು ಇಡೀ ದೇಹದ ಬಾಗು ಹಿಡಿಯಬೇಕು, ಮೂಗು ಕಣ್ಣು ಆಮೇಲೆ. ಮಾನ್ವಿಯ ಕಾಲುವೆ ಗದ್ದೆಗಳಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳ ಸಾಲು, ದೇವದುರ್ಗದ ಕಡೆ ಹತ್ತಿ ಬಿಡಿಸುವವರ ಉಡಿ, ರಾಯಚೂರಿನ ತೀನ್ ಕಂದೀಲ್ ವೃತ್ತದಲ್ಲಿ ಗಿರಾಕಿಗಾಗಿ ಕಾಯುವ ಆಟೋದವರು, ಇವರೆಲ್ಲ ದುಡ್ಡು ಕೇಳದೆ ಕಲಿಸುವ ಗುರುಗಳು. ಹತ್ತಿರದಿಂದ ಬರೆಯುವುದಾದರೆ ಅವರನ್ನು ಕೇಳಿ ಬರೆಯಬೇಕು. ಬರೆದದ್ದನ್ನು ತೋರಿಸಿದರೆ ಅವರ ಸಂಕೋಚವೂ ಹೋಗುತ್ತದೆ.

ಎರಡನೆಯದು ದೇಹದ ರಚನೆಯ ಅಧ್ಯಯನ. ವಯಸ್ಕ ಮನುಷ್ಯನ ಎತ್ತರ ಸಾಮಾನ್ಯವಾಗಿ ಅವನ ತಲೆಯ ಏಳರಿಂದ ಏಳೂವರೆ ಪಟ್ಟು ಇರುತ್ತದೆ. ಮಗುವಿನಲ್ಲಿ ತಲೆಯ ಪಾಲು ಹೆಚ್ಚು. ಭುಜ, ಸೊಂಟ, ಮಂಡಿ ಎಲ್ಲಿ ತಿರುಗುತ್ತವೆ, ಎಲುಬು ಎಲ್ಲಿ ಚರ್ಮಕ್ಕೆ ಹತ್ತಿರವಿದೆ ಎಂಬುದು ಗೊತ್ತಿದ್ದರೆ ಸೀರೆ ಅಥವಾ ಧೋತರದ ಮಡಿಕೆಯೂ ಸರಿಯಾಗಿ ಬೀಳುತ್ತದೆ. ಕಾಲೇಜುಗಳಲ್ಲಿ ಎದುರಿಗೆ ಒಬ್ಬರನ್ನು ಕೂರಿಸಿ ಗಂಟೆಗಟ್ಟಲೆ ಬರೆಸುವುದು ಇದಕ್ಕಾಗಿ. ಮನೆಯಲ್ಲಿ ಅಜ್ಜಿಯೋ ತಮ್ಮನೋ ಅರ್ಧ ಗಂಟೆ ಕುಳಿತುಕೊಟ್ಟರೂ ಅದೇ ಪಾಠವಾಗುತ್ತದೆ.

ಮೂರನೆಯದು ಸಂಯೋಜನೆ. ಕೈಪುಸ್ತಕದ ಹತ್ತಾರು ಗೀಚುಗಳಿಂದ ಒಂದು ಚಿತ್ರ ಹುಟ್ಟಬೇಕು. ಯಾರು ಮುಂದೆ, ಯಾರು ಹಿಂದೆ, ಬೆಳಕು ಯಾವ ಕಡೆಯಿಂದ, ಖಾಲಿ ಜಾಗ ಎಷ್ಟು ಎಂದು ಸಣ್ಣ ಕಾಗದದ ಮೇಲೆ ಹಲವು ಬಾರಿ ಬರೆದು ನೋಡಿ, ಆಮೇಲೆ ಚೌಕ ಮನೆಗಳನ್ನು ಹಾಕಿ ದೊಡ್ಡ ಕ್ಯಾನ್ವಾಸಿಗೆ ಇಳಿಸುತ್ತಾರೆ. ಇದ್ದಿಲಿನಿಂದ ಗೆರೆ, ಅದರ ಮೇಲೆ ತೆಳುವಾಗಿ ಒಂದೇ ಬಣ್ಣದಲ್ಲಿ ನೆರಳು ಬೆಳಕು, ಆಮೇಲೆ ಬಣ್ಣದ ಪದರಗಳು.

ಬಣ್ಣದ ಆಯ್ಕೆಗೂ ಊರಿನ ಹವೆಗೂ ಸಂಬಂಧವಿದೆ. ಅಕ್ರಿಲಿಕ್ ಬಣ್ಣ ನೀರಿನಲ್ಲಿ ಕಲಸುವಂಥದ್ದು, ಬೇಗ ಒಣಗುತ್ತದೆ. ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ತಟ್ಟೆಯ ಮೇಲೆಯೇ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಒದ್ದೆ ಬಟ್ಟೆ ಹಾಸಿದ ತಟ್ಟೆ ಬೇಕು, ಬೆಳಗಿನ ಹೊತ್ತು ಕೆಲಸ ಮುಗಿಸಬೇಕು. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಚರ್ಮದ ಮೇಲಿನ ನೆರಳು ಬೆಳಕನ್ನು ಒಂದರೊಳಗೊಂದು ಬೆರೆಸಲು ಅನುಕೂಲ. ಆದರೆ ಒಂದು ಪದರ ಒಣಗಲು ದಿನಗಳು ಬೇಕು, ಗಾಳಿಯಾಡುವ ಕೋಣೆ ಬೇಕು, ಖರ್ಚೂ ಹೆಚ್ಚು. ದೊಡ್ಡ ಚಿತ್ರವೊಂದು ತಿಂಗಳುಗಟ್ಟಲೆ ನಿಲ್ಲುವುದು ಇದರಿಂದಲೇ. ಹೊರಗಿನಿಂದ ನೋಡಿದವರಿಗೆ ಹುಡುಗ ಸುಮ್ಮನೆ ಗೋಡೆ ನೋಡುತ್ತ ಕುಳಿತಂತೆ ಕಾಣುತ್ತದೆ.

ಕಲಬುರಗಿಯಿಂದ ಮುಂಬೈಗೆ: ಎಸ್.ಎಂ. ಪಂಡಿತರ ದಾರಿ

ಈ ಭಾಗದಿಂದ ಹೊರಟು ಮನುಷ್ಯರ ಚಿತ್ರದಿಂದಲೇ ದೇಶಕ್ಕೆ ಪರಿಚಿತರಾದವರಲ್ಲಿ ಮೊದಲು ನೆನಪಾಗುವವರು ಎಸ್.ಎಂ. ಪಂಡಿತ. 1916ರಲ್ಲಿ ಗುಲಬರ್ಗಾದಲ್ಲಿ, ಅಂದಿನ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದರು. ಆಗ ರಾಯಚೂರೂ ಅದೇ ಸಂಸ್ಥಾನದಲ್ಲಿತ್ತು. ಮುಂಬೈ ಕಡೆಯಿಂದ ಬಂದ ರೈಲು ಹಳಿ ಮತ್ತು ಮದ್ರಾಸಿನ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಗುಲಬರ್ಗಾ ಇರುವುದೂ ಇದೇ ದಾರಿಯಲ್ಲಿ. ಪಂಡಿತರ ಕಲಿಕೆ ಈ ಹಳಿಯ ಎರಡೂ ತುದಿಯಲ್ಲಿ ನಡೆಯಿತು. ಮದ್ರಾಸಿನ ಕಲಾಶಾಲೆಯಲ್ಲಿ ಕಲಿತರು, ಆಮೇಲೆ ಮುಂಬೈ ಸೇರಿದರು.

ಮುಂಬೈಯಲ್ಲಿ ಅವರಿಗೆ ದೊರೆತದ್ದು ನೂತನ ಕಲಾ ಮಂದಿರ. ಕನ್ನಡಿಗರಾದ ಜಿ.ಎಸ್. ದಂಡಾವತಿಮಠ ಅವರು ನಡೆಸುತ್ತಿದ್ದ ಕಲಾಶಾಲೆ ಅದು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರರೂ ಜೆ.ಜೆ. ಕಲಾಶಾಲೆಗೆ ಹೋಗುವ ಮೊದಲು ಇಲ್ಲಿಯೇ ಕಲಿತರು. ಊರಿನ ಹುಡುಗ ಒಮ್ಮೆಲೇ ಮಹಾನಗರದ ದೊಡ್ಡ ಕಾಲೇಜಿನ ಬಾಗಿಲು ತಟ್ಟುವುದು ಕಷ್ಟ. ನಡುವೆ ತನ್ನ ಭಾಷೆಯವರು ಹಾಕಿದ ಒಂದು ಮೆಟ್ಟಿಲು ಸಿಕ್ಕಿದರೆ ಏರಬಹುದು. ದಂಡಾವತಿಮಠರ ಶಾಲೆ ಹಲವರಿಗೆ ಅಂಥ ಮೆಟ್ಟಿಲಾಯಿತು.

ಪಂಡಿತರು ಹೊಟ್ಟೆಪಾಡಿಗೆ ಹಿಡಿದದ್ದು ಸಿನಿಮಾ. ಮುಂಬೈನ ಮೆಟ್ರೊ ಚಿತ್ರಮಂದಿರಕ್ಕೆ ಹಾಲಿವುಡ್ ಚಿತ್ರಗಳ ಪ್ರಚಾರ ಫಲಕಗಳು, ಹಿಂದಿ ಸಿನಿಮಾಗಳ ಪೋಸ್ಟರ್‌ಗಳು, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳು, ಕ್ಯಾಲೆಂಡರ್‌ಗಳು. ಪಾಶ್ಚಾತ್ಯ ಶೈಲಿಯ ದೇಹರಚನೆಯ ಜ್ಞಾನವನ್ನು ನಮ್ಮ ಪುರಾಣದ ಪಾತ್ರಗಳಿಗೆ ಹೊಂದಿಸಿ, ಹೊಳೆಯುವ ಬೆಳಕಿನಲ್ಲಿ ನಿಲ್ಲಿಸಿದ ಅವರ ದೇವರು ದೇವತೆಯರು ಕ್ಯಾಲೆಂಡರ್ ಮೂಲಕ ಎಷ್ಟೋ ಅಂಗಡಿ, ಎಷ್ಟೋ ಮನೆಗಳ ಗೋಡೆ ಸೇರಿದರು. ಚಿತ್ರ ನೋಡಿದವರಲ್ಲಿ ಬಹುಪಾಲು ಜನರಿಗೆ ಕಲಾವಿದನ ಹೆಸರು ಗೊತ್ತಿರಲಿಲ್ಲ.

ಮುಂದೆ ಅವರು ಗುಲಬರ್ಗಾಕ್ಕೆ ಮರಳಿ, ತಮ್ಮ ಮನಸ್ಸಿನ ದೊಡ್ಡ ತೈಲಚಿತ್ರಗಳನ್ನು ಬರೆದರು. 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಇಂದು ಅವರ ಹೆಸರಿದೆ. ಯುವಕರು ಇದರಲ್ಲಿ ಗಮನಿಸಬೇಕಾದದ್ದು ಇಷ್ಟು: ಪೋಸ್ಟರ್ ಕೆಲಸವನ್ನು ಅವರು ಕೀಳೆಂದು ಬಿಡಲಿಲ್ಲ, ಅದರಲ್ಲೇ ಕೈ ಪಳಗಿಸಿದರು. ದುಡಿಮೆಯ ಚಿತ್ರ ಮನಸ್ಸಿನ ಚಿತ್ರಕ್ಕೆ ಬಂಡವಾಳವಾಯಿತು.

ಊರಲ್ಲೇ ಇದ್ದು ಬೆಳೆದವರು: ಎನ್.ಎಸ್. ಹರ್ಷ

ಪಂಡಿತರ ಕಾಲಕ್ಕೆ ಸಿನಿಮಾ ಇತ್ತು, ಕೈಯಿಂದ ಬರೆದ ಫಲಕ ಇತ್ತು. ಈಗ ಫ್ಲೆಕ್ಸ್ ಬಂದು ಆ ಬಾಗಿಲು ಮುಚ್ಚಿದೆ. ಹಾಗಾದರೆ ಈ ಕಾಲದಲ್ಲಿ ಮನುಷ್ಯರ ಚಿತ್ರ ಬರೆಯುವವರ ದಾರಿ ಯಾವುದು? ಇದಕ್ಕೆ ಕರ್ನಾಟಕದೊಳಗಿನ ಒಳ್ಳೆಯ ಉದಾಹರಣೆ ಮೈಸೂರಿನ ಎನ್.ಎಸ್. ಹರ್ಷ.

1969ರಲ್ಲಿ ಹುಟ್ಟಿದ ಹರ್ಷ ಮೊದಲು ಕಲಿತದ್ದು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ, ಅಂದರೆ ಕಾವಾದಲ್ಲಿ. ಅಲ್ಲಿಂದ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಹೋಗಿ 1995ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಓದು ಮುಗಿದ ಮೇಲೆ ದೆಹಲಿಯಲ್ಲೋ ಮುಂಬೈಯಲ್ಲೋ ಉಳಿಯದೆ ಮೈಸೂರಿಗೆ ಮರಳಿ ಅಲ್ಲೇ ಕೆಲಸ ಮಾಡಿದರು.

ಅವರ ಚಿತ್ರಗಳಲ್ಲಿ ಒಬ್ಬ ನಾಯಕ ಇರುವುದಿಲ್ಲ, ಜನ ಇರುತ್ತಾರೆ. ನೂರಾರು ಸಣ್ಣ ಸಣ್ಣ ಆಕೃತಿಗಳು ಸಾಲು ಸಾಲಾಗಿ. 1999ರಿಂದ 2001ರ ನಡುವೆ ಬರೆದ ಮೂರು ಭಾಗದ ಚಿತ್ರದ ಹೆಸರನ್ನು ಕನ್ನಡದಲ್ಲಿ ‘ಬರುತ್ತೇವೆ, ಉಣ್ಣುತ್ತೇವೆ, ಮಲಗುತ್ತೇವೆ’ ಎನ್ನಬಹುದು. ಮದುವೆ, ಜಾತ್ರೆ, ಸಮಾಜದ ಸಮಾರಂಭಗಳಲ್ಲಿ ಪಂಕ್ತಿಯಲ್ಲಿ ಬಡಿಸಿದವರಿಗೂ ಉಂಡವರಿಗೂ ಈ ಲೋಕ ಹೊಸದಲ್ಲ. ದೂರದಿಂದ ನೋಡಿದರೆ ಎಲ್ಲರೂ ಒಂದೇ ಸಾಲು. ಹತ್ತಿರ ಹೋದರೆ ಒಬ್ಬೊಬ್ಬರ ಕುಳಿತ ರೀತಿ, ಮುಖ, ಉಡುಪು ಬೇರೆ. ಗುಂಪಿನಲ್ಲಿದ್ದೂ ಒಬ್ಬೊಬ್ಬನೂ ತನ್ನಷ್ಟಕ್ಕೆ ಒಬ್ಬನೇ ಎಂಬುದನ್ನು ಆ ಸಾಲುಗಳೇ ಹೇಳುತ್ತವೆ.

2008ರಲ್ಲಿ ಬರೆದ ‘ಬನ್ನಿ, ನಮಗೊಂದು ಭಾಷಣ ಮಾಡಿ’ ಎಂಬ ಅರ್ಥದ ಶೀರ್ಷಿಕೆಯ ಚಿತ್ರ ಆರು ಕ್ಯಾನ್ವಾಸುಗಳಷ್ಟು ಉದ್ದ. ಸಭೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತ ಜನರ ದೊಡ್ಡ ಸಮೂಹ ಅದರಲ್ಲಿದೆ. ನಮ್ಮ ಯಾವುದೇ ಊರಿನ ಮೈದಾನದಲ್ಲಿ ಕಾಣುವ ದೃಶ್ಯ. ಅದೇ ವರ್ಷ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಕೊಡುವ ಆರ್ಟೆಸ್ ಮುಂಡಿ ಎಂಬ ಅಂತರರಾಷ್ಟ್ರೀಯ ಬಹುಮಾನ ಹರ್ಷರಿಗೆ ಬಂತು. ಬಹುಮಾನದ ಮೊತ್ತ 40,000 ಪೌಂಡ್. 2017ರಲ್ಲಿ ಜಪಾನಿನ ಟೋಕಿಯೊದ ಮೋರಿ ಕಲಾ ಸಂಗ್ರಹಾಲಯ ಅವರ ಅಲ್ಲಿಯವರೆಗಿನ ಕೃತಿಗಳ ದೊಡ್ಡ ಪ್ರದರ್ಶನವನ್ನೇ ಏರ್ಪಡಿಸಿತು.

ಪದವಿ ಮುಗಿದದ್ದು 1995, ಆ ಬಹುಮಾನ ಬಂದದ್ದು 2008. ನಡುವೆ ಹದಿಮೂರು ವರ್ಷ. ಹೊಸ ಅಂಗಡಿ ಇಟ್ಟವನಿಗೂ ಮೊದಲ ಕೆಲವು ವರ್ಷ ಲಾಭ ಕಾಣುವುದಿಲ್ಲ, ಹೆಸರು ಕೂಡಿಬರಬೇಕು. ಚಿತ್ರಕಲೆಯಲ್ಲಿ ಆ ಕಾಲ ಇನ್ನೂ ಉದ್ದ. ಮಕ್ಕಳಿಗೆ ಈ ದಾರಿ ಒಪ್ಪಿಸುವ ಪಾಲಕರು ಹತ್ತು ವರ್ಷದ ಲೆಕ್ಕ ಹಾಕಿಯೇ ಒಪ್ಪಿಸಬೇಕು. ಪ್ರತಿಯೊಬ್ಬರಿಗೂ ಇಂಥ ಬಹುಮಾನ ಬರುವುದಿಲ್ಲ ಎಂಬುದೂ ಆ ಲೆಕ್ಕದಲ್ಲಿ ಇರಬೇಕು.

ಒಂದು ಕೈಯಲ್ಲಿ ಕೆಲಸ, ಇನ್ನೊಂದರಲ್ಲಿ ಕುಂಚ

ಚಿತ್ರ ಮಾರಿಯೇ ಬದುಕಬೇಕು ಎಂಬ ನಿಯಮವೂ ಇಲ್ಲ. ಬರೋಡಾದ ಭೂಪೇನ್ ಖಖ್ಖರ್ (1934-2003) ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ಲೆಕ್ಕಪತ್ರದ ಕೆಲಸ ಮಾಡುತ್ತ, ಕ್ಷೌರಿಕ, ಗಡಿಯಾರ ರಿಪೇರಿ ಮಾಡುವವ, ದರ್ಜಿ ಮುಂತಾದ ಸಣ್ಣ ಕಸುಬಿನವರನ್ನು ಬರೆದು ಭಾರತದ ಪ್ರಮುಖ ಚಿತ್ರಕಾರರಲ್ಲಿ ಒಬ್ಬರಾದರು. ಠಾಣೆಯ ಸುಧೀರ್ ಪಟವರ್ಧನ್ ಎಕ್ಸ್-ರೇ ನೋಡುವ ರೇಡಿಯಾಲಜಿ ವೈದ್ಯರು. ದಶಕಗಳ ಕಾಲ ವೈದ್ಯವೃತ್ತಿ ಮಾಡುತ್ತಲೇ ಲೋಕಲ್ ರೈಲು, ಕಾರ್ಖಾನೆ, ಇರಾನಿ ಹೋಟೆಲ್‌ಗಳಲ್ಲಿ ಕಂಡ ದುಡಿಯುವ ಜನರನ್ನು ಬರೆದರು. 1981ರಲ್ಲಿ ಮುಂಬೈ ಮತ್ತು ದೆಹಲಿಯಲ್ಲಿ ನಡೆದ ‘ಪ್ಲೇಸ್ ಫಾರ್ ಪೀಪಲ್’ ಪ್ರದರ್ಶನದಲ್ಲಿ ಇವರಿಬ್ಬರೂ ಇದ್ದರು. ಅಮೂರ್ತ ಕಲೆಗೆ ಹೆಚ್ಚು ಮಾನ್ಯತೆ ಇದ್ದ ಆ ಹೊತ್ತಿನಲ್ಲಿ, ಸುತ್ತಲಿನ ಮನುಷ್ಯರನ್ನೂ ಅವರ ಜಾಗವನ್ನೂ ಮತ್ತೆ ಚಿತ್ರದೊಳಗೆ ತಂದ ಪ್ರದರ್ಶನ ಎಂದು ಅದನ್ನು ನೆನೆಯುತ್ತಾರೆ.

ನಮ್ಮ ಕಡೆ ಬಹಳಷ್ಟು ಕಲಾವಿದರು ಶಾಲೆಯ ಚಿತ್ರಕಲಾ ಶಿಕ್ಷಕರಾಗಿ ಸಂಸಾರ ನಡೆಸಿದ್ದಾರೆ. ಪುಸ್ತಕದ ಒಳಚಿತ್ರ, ಅನಿಮೇಷನ್, ಗೋಡೆ ಚಿತ್ರ, ರಂಗಸಜ್ಜಿಕೆ, ಮಕ್ಕಳ ತರಗತಿ, ಇವೂ ಇವೆ. ಅಂಗಡಿಯಲ್ಲಿ ಅರ್ಧ ದಿನ ಕುಳಿತು ಅರ್ಧ ದಿನ ಬರೆಯುವವರೂ ಇರಬಹುದು. ಕುಂಚಕ್ಕೆ ದಿನಕ್ಕೆ ಇಂತಿಷ್ಟು ಹೊತ್ತು ಎಂದು ಮೀಸಲಿಟ್ಟು, ಅದನ್ನು ಯಾವ ನೆಪಕ್ಕೂ ಬಿಟ್ಟುಕೊಡಬಾರದು. ‘ಸೀಸನ್ ಮುಗಿದ ಮೇಲೆ ಬರೆಯುತ್ತೇನೆ’ ಎಂದವರ ಕೈ ತುಕ್ಕು ಹಿಡಿಯುತ್ತದೆ.

ಎಲ್ಲಿ ಓದಬೇಕು, ಎಲ್ಲಿ ತೋರಿಸಬೇಕು

ಪ್ರೌಢಶಾಲೆಯಲ್ಲಿರುವಾಗಲೇ ಲೋಯರ್ ಮತ್ತು ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿಗೆ ಕೂರಬಹುದು. ಪಿಯುಸಿ ನಂತರ ಯಾವ ವಿಭಾಗದವರೂ ದೃಶ್ಯಕಲಾ ಪದವಿಗೆ, ಅಂದರೆ ಬಿ.ವಿ.ಎ.ಗೆ ಸೇರಬಹುದು. ಅದು ನಾಲ್ಕು ವರ್ಷದ ಓದು. ನಂತರದ ಎಂ.ವಿ.ಎ. ಎರಡು ವರ್ಷ. ರಾಯಚೂರಿಗೆ ಹತ್ತಿರದಲ್ಲಿ ಕಲಬುರಗಿಯ ಮಾತೋಶ್ರೀ ಮಾಣಿಕಬಾಯಿ ಕೊಠಾರಿ ದೃಶ್ಯಕಲಾ ಕಾಲೇಜು ಇದೆ, ಎಲ್ಲರೂ ಎಂ.ಎಂ.ಕೆ. ಕಾಲೇಜು ಎನ್ನುತ್ತಾರೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ದೃಶ್ಯಕಲಾ ವಿಭಾಗಗಳಿವೆ. ದೂರ ಹೋಗಲು ಸಿದ್ಧರಿದ್ದವರಿಗೆ ಮೈಸೂರಿನ ಕಾವಾ, ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಬರೋಡಾ ಇವೆ. ಪ್ರವೇಶಕ್ಕೆ ಅಂಕಪಟ್ಟಿಗಿಂತ ಕೈಪುಸ್ತಕ ಮುಖ್ಯವಾಗುವ ಕಡೆಗಳೂ ಇವೆ. ಆದ್ದರಿಂದ ಹಳೆಯ ರೇಖಾಚಿತ್ರಗಳನ್ನು ರದ್ದಿಗೆ ಹಾಕದೆ ದಿನಾಂಕ ಬರೆದು ಇಟ್ಟುಕೊಳ್ಳಬೇಕು.

ಸಹಾಯಧನವೂ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೆ 18ರಿಂದ 25 ವರ್ಷದೊಳಗಿನವರು ಅರ್ಜಿ ಹಾಕಬಹುದು. ಆಯ್ಕೆಯಾದವರಿಗೆ ಎರಡು ವರ್ಷ, ತಿಂಗಳಿಗೆ 5,000 ರೂಪಾಯಿ ದೊರೆಯುತ್ತದೆ.

ಚಿತ್ರ ತೋರಿಸಲು ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನ, ಕೇಂದ್ರ ಲಲಿತ ಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರದರ್ಶನ ಇವೆ. ಇಲ್ಲಿ ಆಯ್ಕೆಯಾಗುವುದೇ ಒಂದು ಗುರುತು. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ಕುಮಾರಕೃಪಾ ರಸ್ತೆಯಲ್ಲೇ ಚಿತ್ರಗಳನ್ನಿಟ್ಟು ನೇರವಾಗಿ ಗಿರಾಕಿಗಳಿಗೆ ಮಾರುತ್ತಾರೆ. ಸಂತೆಯ ಗುಣವೇ ಬೇರೆ. ಜನ ಯಾವ ಚಿತ್ರದ ಮುಂದೆ ನಿಲ್ಲುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ, ಬೆಲೆ ಕೇಳಿದಾಗ ಮುಖ ಹೇಗಾಗುತ್ತದೆ ಎಂಬುದನ್ನು ಕಲಾವಿದ ಅಲ್ಲಿ ಕಣ್ಣಾರೆ ನೋಡುತ್ತಾನೆ.

ಹಣ ಮತ್ತು ಕಾನೂನು

ಗ್ಯಾಲರಿಯವರು ಚಿತ್ರ ಮಾರಿಕೊಟ್ಟಾಗ ಬೆಲೆಯಲ್ಲಿ ತಮ್ಮ ಪಾಲು ಹಿಡಿಯುತ್ತಾರೆ. ಅದು ಹಲವೆಡೆ ಅರ್ಧದವರೆಗೂ ಇರುತ್ತದೆ. ಅಡತಿಯ ದಲಾಲಿಗೆ ಹೋಲಿಸಿದರೆ ಇದು ಬಹಳ ಎನಿಸಬಹುದು. ಜಾಗ, ಪ್ರಚಾರ, ಗಿರಾಕಿಯ ನಂಬಿಕೆ ಅವರದ್ದು ಎಂಬುದು ಅದಕ್ಕೆ ಕಾರಣ. ಪಾಲು ಎಷ್ಟು, ಚೌಕಟ್ಟು ಮತ್ತು ಸಾಗಣೆ ಖರ್ಚು ಯಾರದು, ಹಣ ಎಷ್ಟು ದಿನಕ್ಕೆ, ಮಾರಾಟವಾಗದ ಚಿತ್ರ ಯಾವಾಗ ವಾಪಸ್ ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಚಿತ್ರ ಕೊಟ್ಟಾಗ ಪಾವತಿ ತೆಗೆದುಕೊಳ್ಳಬೇಕು. ವ್ಯಾಪಾರಸ್ಥ ಮನೆತನದ ಮಕ್ಕಳಿಗೆ ಇದನ್ನು ಕಲಿಸಲು ಮನೆಯ ಹಿರಿಯರೇ ಸಾಕು.

1957ರ ಕೃತಿಸ್ವಾಮ್ಯ ಕಾಯ್ದೆಯ ಮೂರು ಮಾತು ಪ್ರತಿ ಯುವ ಕಲಾವಿದನಿಗೆ ಗೊತ್ತಿರಬೇಕು. ಒಂದು, ತಾನಾಗಿ ಬರೆದ ಚಿತ್ರವನ್ನು ಮಾರಿದರೆ ಚಿತ್ರ ಕೊಂಡವರದ್ದಾಗುತ್ತದೆ, ಆದರೆ ಅದನ್ನು ಕ್ಯಾಲೆಂಡರ್, ಪುಸ್ತಕ, ಬಟ್ಟೆಯ ಮೇಲೆ ಅಚ್ಚು ಹಾಕುವ ಹಕ್ಕು ಬರೆದುಕೊಡದ ಹೊರತು ಕಲಾವಿದನಲ್ಲೇ ಉಳಿಯುತ್ತದೆ. ಎರಡು, ಹಣ ಕೊಟ್ಟು ಹೇಳಿ ಬರೆಸಿದ ಭಾವಚಿತ್ರ ಅಥವಾ ಚಿತ್ರದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಹಕ್ಕು ಬರೆಸಿದವರಿಗೆ ಹೋಗುತ್ತದೆ. ಹಾಗಾಗಿ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಬೇಕು. ಮೂರು, ಹಕ್ಕಿನ ಅವಧಿ ಕಲಾವಿದನ ಜೀವಿತಕಾಲ ಮತ್ತು ಅವನ ನಂತರ 60 ವರ್ಷ. ಪಂಡಿತರ ಕಾಲದಲ್ಲಿ ಹೆಸರಿಲ್ಲದೆ ಅಚ್ಚಾದ ಕ್ಯಾಲೆಂಡರ್‌ಗಳನ್ನು ನೆನೆದರೆ ಈ ತಿಳಿವಳಿಕೆಯ ಬೆಲೆ ಗೊತ್ತಾಗುತ್ತದೆ.

ಪಾಲಕರು, ಸಮಾಜ ಏನು ಮಾಡಬಹುದು

ಕೈಚಳಕ ಇರುವ ಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ. ಬಿ.ವಿ.ಎ. ಮುಗಿಸಿ ಊರಿಗೆ ಬಂದ ಮೇಲಿನ ನಾಲ್ಕೈದು ವರ್ಷಗಳೇ ಗಂಡಾಂತರದ ಕಾಲ. ಕಾಲೇಜಿನ ಗುರುಗಳು ಜೊತೆಗಿಲ್ಲ, ಗ್ಯಾಲರಿಗೆ ಹೆಸರು ಗೊತ್ತಿಲ್ಲ, ಬಣ್ಣಕ್ಕೆ ಮನೆಯಲ್ಲಿ ಕೇಳಲು ನಾಚಿಕೆ. ಆ ಹೊತ್ತಿಗೆ ಮೊದಲ ಬೋಣಿ ಆಗದಿದ್ದರೆ ಕುಂಚ ಕಪಾಟಿನೊಳಗೆ ಹೋಗುತ್ತದೆ, ಮತ್ತೆ ಹೊರಗೆ ಬರುವುದು ಅಪರೂಪ. ಬೋಣಿ ಮಾಡುವ ಶಕ್ತಿ ಬೆಂಗಳೂರಿನವರಿಗೆ ಮಾತ್ರ ಇರುವುದಲ್ಲ, ಊರಿನವರಿಗೂ ಇದೆ.

ಕಲೆಗೆ ಆಶ್ರಯ ಕೊಡುವುದು ಜೈನ ಸಮಾಜಕ್ಕೆ ಹೊಸ ಪಾಠವಲ್ಲ. ತಮಿಳುನಾಡಿನ ಸಿತ್ತನ್ನವಾಸಲ್ ಗುಹೆಯಲ್ಲಿ ತಾವರೆಕೊಳಕ್ಕಿಳಿದು ಹೂ ಕೀಳುವ ಆಕೃತಿಗಳು, ಮೂಡಬಿದಿರೆಯಲ್ಲಿ ಕಾಪಾಡಿಕೊಂಡು ಬಂದ ಧವಲಾ ತಾಳೆಗರಿಗಳ ಮೇಲಿನ 12ನೇ ಶತಮಾನದ ಚಿತ್ರಗಳು, ಶ್ರವಣಬೆಳಗೊಳದ ಜೈನ ಮಠದ ಗೋಡೆಗಳ ಮೇಲಿನ ಕಥಾಚಿತ್ರಗಳು, ಇವೆಲ್ಲ ಯಾರೋ ಬರೆಸಿದ್ದರಿಂದ ಉಳಿದವು. ಬರೆದವರಿಗೆ ಅಂದು ಊಟ, ವಸತಿ, ಸಂಭಾವನೆ ಕೊಟ್ಟವರಿದ್ದರು.

ಇಂದು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಹಿರಿಯರ ಭಾವಚಿತ್ರ ಬೇಕಾದಾಗ ಫೋಟೋವನ್ನು ದೊಡ್ಡದು ಮಾಡಿಸುವ ಬದಲು, ಅವರು ಇರುವಾಗಲೇ ಎದುರು ಕುಳಿತು ಬರೆಯಲು ಊರಿನ ಕಲಾವಿದನನ್ನು ಕರೆಯಬಹುದು. ಹೊಸ ಮನೆ, ಹೊಸ ಅಂಗಡಿಯ ಗೋಡೆಗೆ ಅಚ್ಚಾದ ಪೋಸ್ಟರ್ ತರುವ ಹಣಕ್ಕೆ ಇನ್ನಷ್ಟು ಸೇರಿಸಿ ಒಂದು ಸಣ್ಣ ಮೂಲಚಿತ್ರ ಕೊಳ್ಳಬಹುದು. ಮದುವೆ ಹಂಗಾಮು ಇಲ್ಲದ ತಿಂಗಳಲ್ಲಿ ಸಮುದಾಯ ಭವನದ ಒಂದು ಕೋಣೆಯನ್ನು ಮೂರು ದಿನ ಪ್ರದರ್ಶನಕ್ಕೆ ಬಿಟ್ಟುಕೊಡಬಹುದು. ಮಕ್ಕಳ ಶಿಬಿರಕ್ಕೆ ಕಲಾವಿದರನ್ನು ಕರೆದರೆ ಸಂಭಾವನೆ ಕೊಡಬೇಕು. ‘ಹೆಸರು ಬರುತ್ತದೆ, ಸುಮ್ಮನೆ ಬರೆದುಕೊಡು’ ಎನ್ನುವ ರೂಢಿಯನ್ನು ಮೊದಲು ಬಿಡಬೇಕು. ಬಣ್ಣದ ಅಂಗಡಿಯವರು ಬಣ್ಣವನ್ನು ಹೆಸರಿಗೆ ಕೊಡುವುದಿಲ್ಲ.

ಪಾಲಕರು ಮಾಡಬೇಕಾದದ್ದು ಇನ್ನೂ ಸರಳ. ಬೆಳಕು ಬರುವ ಒಂದು ಮೂಲೆ, ದಿನಕ್ಕೆ ಎರಡು ಗಂಟೆ ಯಾರೂ ಕೂಗದ ಹೊತ್ತು, ಮತ್ತು ಹತ್ತು ವರ್ಷದ ತಾಳ್ಮೆ. ಜೊತೆಗೆ ಖರ್ಚು ವರಮಾನದ ಒಂದು ವಹಿಯನ್ನು ಮಕ್ಕಳ ಕೈಯಿಂದಲೇ ಬರೆಸಬೇಕು. ಮೂರು ವರ್ಷಕ್ಕೊಮ್ಮೆ ಕುಳಿತು ಆ ವಹಿಯನ್ನೂ ಚಿತ್ರಗಳನ್ನೂ ಒಟ್ಟಿಗೆ ನೋಡಿದರೆ ಮುಂದಿನ ದಾರಿ ಜಗಳವಿಲ್ಲದೆ ತಿಳಿಯುತ್ತದೆ.

ಮೊದಲ ಹೆಜ್ಜೆಗೆ ಈ ರವಿವಾರವೇ ಸಾಕು. ಚಿತ್ರ ಬರೆಯುವ ಮಕ್ಕಳನ್ನು ಕರೆದುಕೊಂಡು ರಾಯಚೂರು ಕೋಟೆಗೆ ಹೋಗಿ, ಆ 41 ಅಡಿಯ ಕಲ್ಲಿನ ಮುಂದೆ ನಿಲ್ಲಿಸಿ. ಬಂಡಿ ಎಳೆಯುವ ಕೋಣಗಳನ್ನು ನೋಡಲಿ, ಕೈಪುಸ್ತಕದಲ್ಲಿ ಇಳಿಸಿಕೊಳ್ಳಲಿ. ಬಿಸಿಲು ಏರುವ ಮೊದಲು ಹೋಗುವುದು ಒಳ್ಳೆಯದು. ಓರೆಯಾಗಿ ಬೀಳುವ ಬೆಳಕಿನಲ್ಲಿ ಕೊರೆದ ಗೆರೆಗಳು ಚೆನ್ನಾಗಿ ಕಾಣುತ್ತವೆ.